ಸುಂಟರಗಾಳಿಯ ಹುಟ್ಟನ್ನು ಅರಸಿ ಬಯಲಿಗಿಳಿದ ಹವಾಮಾನ ವಿಜ್ಞಾನ

2009ರ ಜೂನ್ 5. ಅಮೆರಿಕದ ವಯೋಮಿಂಗ್ ರಾಜ್ಯದ ಗೋಷೆನ್ ಕೌಂಟಿ. ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಲಾಗ್ರೇಂಜ್ ಎಂಬ ಪುಟ್ಟ ಊರಿನ ಸಮೀಪದ ಬಯಲಿನಲ್ಲಿ ಸುಂಟರಗಾಳಿಯೊಂದು ನೆಲಕ್ಕಿಳಿಯಿತು. ಅರ್ಧ ಗಂಟೆಯ ಆಸುಪಾಸಿನಲ್ಲಿ ಕರಗಿಯೂ ಹೋಯಿತು. ವರ್ಷಕ್ಕೆ ಸಾವಿರಕ್ಕೂ ಅಧಿಕ ಸುಂಟರಗಾಳಿಗಳು ದಾಖಲಾಗುವ ಆ ದೇಶದಲ್ಲಿ ಇದೇನೂ ವಿಶೇಷವಲ್ಲ. ಆದರೂ ಹವಾಮಾನ ವಿಜ್ಞಾನದ ಇತಿಹಾಸದಲ್ಲಿ ಈ ಸುಂಟರಗಾಳಿಗೆ ಪ್ರತ್ಯೇಕ ಸ್ಥಾನವಿದೆ. ಅದು ಹುಟ್ಟುವುದಕ್ಕೆ ಮೊದಲೇ ರಾಡಾರ್ ಹೊತ್ತ ಲಾರಿಗಳೂ ಮಾಪಕಗಳನ್ನು ಕಟ್ಟಿಕೊಂಡ ಕಾರುಗಳೂ ಅದರ ಸುತ್ತ ಬಂದು ನಿಂತಿದ್ದವು. ಹುಟ್ಟು, ಬೆಳವಣಿಗೆ, ಅಂತ್ಯ ಮೂರೂ ದಾಖಲಾದವು.

‘ವೋರ್ಟೆಕ್ಸ್-2’ ಎಂಬ ಕ್ಷೇತ್ರ ಅಧ್ಯಯನದ ಮೊದಲ ವರ್ಷದ ಐದು ವಾರಗಳಲ್ಲಿ ವಿಜ್ಞಾನಿಗಳಿಗೆ ಈ ರೀತಿ ಆದ್ಯಂತವಾಗಿ ದಕ್ಕಿದ ಸುಂಟರಗಾಳಿ ಇದೊಂದೇ. ನೂರರಷ್ಟು ಮಂದಿ, ನಲವತ್ತಕ್ಕೂ ಹೆಚ್ಚು ವಾಹನಗಳು, ಹತ್ತು ಸಂಚಾರಿ ರಾಡಾರ್‌ಗಳು. ಫಲವಾಗಿ ದೊರೆತದ್ದು ಒಂದು ಅರ್ಧ ಗಂಟೆ. ಇಷ್ಟೊಂದು ಶ್ರಮ ಏಕೆ? ಉಪಗ್ರಹಗಳೂ ಸೂಪರ್ ಕಂಪ್ಯೂಟರುಗಳೂ ಇರುವ ಕಾಲದಲ್ಲಿ ವಿಜ್ಞಾನಿಗಳು ಬಿರುಗಾಳಿಯ ಬೆನ್ನು ಹತ್ತಿ ಹೋಗಬೇಕೇಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನ ಇಲ್ಲಿದೆ.

ಎಲ್ಲ ಗುಡುಗುಮಳೆಯೂ ಒಂದೇ ಅಲ್ಲ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ಬಂಗಾಳಕೊಲ್ಲಿಯಲ್ಲಿ ಹುಟ್ಟಿ ನೂರಾರು ಕಿಲೋಮೀಟರ್ ವ್ಯಾಪಿಸುವ ಚಂಡಮಾರುತವೇ ಬೇರೆ, ಸುಂಟರಗಾಳಿಯೇ ಬೇರೆ. ಚಂಡಮಾರುತಕ್ಕೆ ಹಲವು ದಿನಗಳ ಆಯುಷ್ಯವಿದ್ದು, ಉಪಗ್ರಹಗಳು ಅದನ್ನು ಹುಟ್ಟಿನಿಂದಲೇ ಹಿಂಬಾಲಿಸಬಲ್ಲವು. ಸುಂಟರಗಾಳಿಯಾದರೋ ಒಂದೇ ಒಂದು ಗುಡುಗುಮೋಡದ ಕೂಸು. ಅದರ ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರ್, ಆಯುಷ್ಯ ಕೆಲವು ನಿಮಿಷ.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಪ್ರಕಾರ, ಒಂದು ಅಂಗುಲ ಅಥವಾ ಅದಕ್ಕಿಂತ ದಪ್ಪದ ಆಲಿಕಲ್ಲು, ಗಂಟೆಗೆ ಸುಮಾರು 93 ಕಿ.ಮೀ. ಅಥವಾ ಅದಕ್ಕಿಂತ ವೇಗದ ಗಾಳಿ, ಇಲ್ಲವೇ ಸುಂಟರಗಾಳಿ - ಈ ಮೂರರಲ್ಲಿ ಯಾವುದಾದರೊಂದು ಕಂಡುಬಂದರೆ ಅದು ‘ತೀವ್ರ’ ಗುಡುಗು ಬಿರುಗಾಳಿ. ಆಲಿಕಲ್ಲಿನ ಈ ಮಿತಿ ಮೊದಲು ಮುಕ್ಕಾಲು ಅಂಗುಲವಿತ್ತು. 2010ರಲ್ಲಿ ದೇಶದಾದ್ಯಂತ ಅದನ್ನು ಒಂದು ಅಂಗುಲಕ್ಕೆ ಏರಿಸಲಾಯಿತು.

ಇಂತಹ ತೀವ್ರ ಬಿರುಗಾಳಿಗಳ ಪೈಕಿ ಅತ್ಯಂತ ಬಲಿಷ್ಠವಾದುದಕ್ಕೆ ‘ಸೂಪರ್‌ಸೆಲ್’ ಎಂದು ಹೆಸರು. ಸಾಮಾನ್ಯ ಗುಡುಗುಮೋಡವು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಾನು ಸುರಿಸಿದ ಮಳೆಯ ತಂಪಿನಿಂದಲೇ ತನ್ನ ಉಸಿರು ಕಟ್ಟಿಕೊಳ್ಳುತ್ತದೆ. ಸೂಪರ್‌ಸೆಲ್ ಹಾಗಲ್ಲ. ಅದರ ಒಡಲಿನಲ್ಲಿ ಮೇಲೇರುವ ಗಾಳಿ ಬುಗುರಿಯಂತೆ ಸುತ್ತುತ್ತಿರುತ್ತದೆ. ಮೇಲೇರುವ ಗಾಳಿ ಒಂದೆಡೆ, ಸುರಿಯುವ ಮಳೆ ಇನ್ನೊಂದೆಡೆ ಪ್ರತ್ಯೇಕಗೊಳ್ಳುವುದರಿಂದ ಅದು ಗಂಟೆಗಟ್ಟಲೆ ಬದುಕಬಲ್ಲದು. ಬಹುತೇಕ ಪ್ರಬಲ ಸುಂಟರಗಾಳಿಗಳು ಹುಟ್ಟುವುದು ಇದರಲ್ಲಿಯೇ.

ಸಮಸ್ಯೆ ಇರುವುದೂ ಇಲ್ಲಿಯೇ. ರಾಡಾರ್‌ನಲ್ಲಿ ಈ ಸುತ್ತುವಿಕೆ ಸ್ಪಷ್ಟವಾಗಿ ಕಂಡ ಬಿರುಗಾಳಿಗಳಲ್ಲಿ ಸುಂಟರಗಾಳಿ ಹುಟ್ಟಿಸುವವು ಸುಮಾರು ನಾಲ್ಕನೇ ಒಂದು ಭಾಗ ಮಾತ್ರ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ನೋಡಲು ಒಂದೇ ತೆರನಾದ ಎರಡು ಬಿರುಗಾಳಿಗಳು ಅಕ್ಕಪಕ್ಕದಲ್ಲಿ ಸಾಗುತ್ತಿದ್ದರೂ ಒಂದು ಊರನ್ನೇ ಅಳಿಸಿಹಾಕಬಹುದು, ಇನ್ನೊಂದು ಮಳೆ ಸುರಿಸಿ ಸುಮ್ಮನಾಗಬಹುದು. ಯಾವುದು ಯಾವ ಹಾದಿ ಹಿಡಿಯುತ್ತದೆ ಎಂಬುದನ್ನು ಮೊದಲೇ ಅರಿಯುವುದೇ ಈ ಕ್ಷೇತ್ರ ಅಧ್ಯಯನಗಳ ಮೂಲ ಗುರಿ.

ಆರು ದಶಕಗಳ ಹಾದಿ

ಬಿರುಗಾಳಿಯನ್ನು ಅರಸಿ ಹೋಗುವ ಸಂಘಟಿತ ಪ್ರಯತ್ನ ಎರಡನೇ ಮಹಾಯುದ್ಧದ ಬೆನ್ನಲ್ಲೇ ಆರಂಭವಾಯಿತು. ಗುಡುಗುಮೋಡಗಳಿಗೆ ಸಿಲುಕಿ ವಿಮಾನಗಳು ಅಪಘಾತಕ್ಕೀಡಾಗುತ್ತಿದ್ದ ಹಿನ್ನೆಲೆಯಲ್ಲಿ 1946ರಲ್ಲಿ ಫ್ಲೋರಿಡಾದಲ್ಲಿಯೂ 1947ರಲ್ಲಿ ಒಹಾಯೋದಲ್ಲಿಯೂ ‘ಥಂಡರ್‌ಸ್ಟಾರ್ಮ್ ಪ್ರಾಜೆಕ್ಟ್’ ನಡೆಯಿತು. ಹೊರೇಸ್ ಬೈಯರ್ಸ್ ಅದರ ನಿರ್ದೇಶಕರಾಗಿದ್ದರು. ಯುದ್ಧಕ್ಕಾಗಿ ನಿರ್ಮಿಸಿದ್ದ ಪಿ-61 ವಿಮಾನಗಳು ಐದು ಸಾವಿರ ಅಡಿಯಿಂದ ಇಪ್ಪತ್ತೈದು ಸಾವಿರ ಅಡಿಯವರೆಗಿನ ಐದು ಎತ್ತರಗಳಲ್ಲಿ ಸಾವಿರಕ್ಕೂ ಹೆಚ್ಚು ಬಾರಿ ಗುಡುಗುಮೋಡಗಳನ್ನು ಹಾದುಹೋದವು. ಗುಡುಗುಮೋಡಕ್ಕೆ ಬೆಳವಣಿಗೆ, ಪ್ರೌಢಾವಸ್ಥೆ, ಅವಸಾನ ಎಂಬ ಮೂರು ಹಂತಗಳಿವೆಯೆಂದು ಬೈಯರ್ಸ್ ಮತ್ತು ರಾಸ್ಕೋ ಬ್ರಹಾಂ 1949ರಲ್ಲಿ ಪ್ರಕಟಿಸಿದ ವಿವರಣೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ಸುಂಟರಗಾಳಿಯ ಮುನ್ಸೂಚನೆಯೂ ಅದೇ ಕಾಲದ್ದು. 1948ರ ಮಾರ್ಚ್ 20ರಂದು ಒಕ್ಲಹೋಮಾದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಅಪ್ಪಳಿಸಿತು. ಐದು ದಿನಗಳ ಬಳಿಕ, ಮಾರ್ಚ್ 25ರಂದು, ಹವಾಮಾನದ ಪರಿಸ್ಥಿತಿ ಅಂದಿನಂತೆಯೇ ಇರುವುದನ್ನು ಗಮನಿಸಿದ ವಾಯುಪಡೆಯ ಅಧಿಕಾರಿಗಳಾದ ಅರ್ನೆಸ್ಟ್ ಫಾಬುಷ್ ಹಾಗೂ ರಾಬರ್ಟ್ ಮಿಲ್ಲರ್ ಸುಂಟರಗಾಳಿಯ ಮುನ್ಸೂಚನೆ ನೀಡಿದರು. ಅದೇ ಸಂಜೆ ಅದೇ ನೆಲೆಗೆ ಮತ್ತೊಂದು ಸುಂಟರಗಾಳಿ ಬಂದಿತು.

ನಂತರದ ದಶಕಗಳಲ್ಲಿ ಉಪಕರಣವನ್ನು ಸುಂಟರಗಾಳಿಯ ದಾರಿಯಲ್ಲಿಯೇ ಇರಿಸುವ ಪ್ರಯತ್ನಗಳು ನಡೆದವು. 1980ರ ದಶಕದಲ್ಲಿ ‘ಟೋಟೋ’ ಎಂಬ ಪೀಪಾಯಿಯಂತಹ ಸಾಧನವನ್ನು ವಾಹನದಲ್ಲಿ ಹೊತ್ತೊಯ್ಯಲಾಗುತ್ತಿತ್ತು. ಹಲವು ವರ್ಷ ಯತ್ನಿಸಿದರೂ ಪ್ರಬಲ ಸುಂಟರಗಾಳಿಯ ನಡುವೆ ಅದನ್ನು ಇರಿಸಲಾಗಲಿಲ್ಲ. 1984ರಲ್ಲಿ ದುರ್ಬಲ ಸುಂಟರಗಾಳಿಯೊಂದರ ಅಂಚು ತಗುಲಿದಾಗ ಅದು ಉರುಳಿಬಿತ್ತು. 1996ರ ‘ಟ್ವಿಸ್ಟರ್’ ಚಲನಚಿತ್ರದಲ್ಲಿನ ‘ಡೊರೋತಿ’ ಎಂಬ ಸಾಧನಕ್ಕೆ ಸ್ಫೂರ್ತಿ ಇದೇ. ಟೋಟೋಗೆ ಒಲಿಯದ ಯಶಸ್ಸು ಬಳಿಕ ಎಂಜಿನಿಯರ್ ಟಿಮ್ ಸಮಾರಸ್ ಅವರ ಪಾಲಿಗೆ ಬಂದಿತು. ನೆಲಕ್ಕೆ ಅಂಟಿಕೊಂಡಂತೆ ಕೂರುವ ಅವರ ಚಪ್ಪಟೆ ಸಾಧನವು 2003ರ ಜೂನ್ 24ರಂದು ದಕ್ಷಿಣ ಡಕೋಟಾದ ಮ್ಯಾಂಚೆಸ್ಟರ್ ಬಳಿ ಸುಂಟರಗಾಳಿಯೊಳಗೆ ವಾಯುಭಾರವು 100 ಮಿಲಿಬಾರ್‌ನಷ್ಟು ಕುಸಿದದ್ದನ್ನು ದಾಖಲಿಸಿತು.

ವೋರ್ಟೆಕ್ಸ್: ಒಂದಲ್ಲ, ಎರಡು

‘ವೋರ್ಟೆಕ್ಸ್’ ಎಂಬುದು ಸುಂಟರಗಾಳಿಯ ಸುತ್ತುವಿಕೆಯ ಮೂಲವನ್ನು ಪರೀಕ್ಷಿಸಿ ದೃಢಪಡಿಸುವ ಪ್ರಯೋಗ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಹ್ರಸ್ವರೂಪ. ಅದರ ಮೊದಲ ಆವೃತ್ತಿ 1994 ಮತ್ತು 1995ರ ವಸಂತ ಋತುಗಳಲ್ಲಿ ನಡೆಯಿತು. 1995ರ ಜೂನ್ 2ರಂದು ಟೆಕ್ಸಾಸ್‌ನ ಡಿಮಿಟ್ ಬಳಿಯ ಸುಂಟರಗಾಳಿಯನ್ನು ತಂಡವು ವಿವರವಾಗಿ ದಾಖಲಿಸಿತು. ಜೋಶುವಾ ವರ್ಮನ್ ಮತ್ತು ಸಹೋದ್ಯೋಗಿಗಳು ಲಾರಿಯ ಮೇಲೆ ಡಾಪ್ಲರ್ ರಾಡಾರ್ ಕೂರಿಸಿ ರೂಪಿಸಿದ ‘ಡಾಪ್ಲರ್ ಆನ್ ವೀಲ್ಸ್’ ಮೊದಲ ಬಾರಿಗೆ ಬಯಲಿಗಿಳಿದದ್ದೂ ಅದೇ ವರ್ಷ.

ಎರಡನೇ ಆವೃತ್ತಿಯಾದ ವೋರ್ಟೆಕ್ಸ್-2 ನಡೆದದ್ದು 2009ರ ಮೇ 10ರಿಂದ ಜೂನ್ 13ರವರೆಗೆ ಹಾಗೂ 2010ರ ಮೇ 1ರಿಂದ ಜೂನ್ 15ರವರೆಗೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಮತ್ತು ಸಾಗರ ಹಾಗೂ ವಾಯುಮಂಡಲ ಆಡಳಿತ ಸಂಸ್ಥೆಯಾದ ‘ನೋವಾ’ ಇದಕ್ಕೆ ಹಣ ಒದಗಿಸಿದವು. ವೆಚ್ಚ ಸುಮಾರು 1.19 ಕೋಟಿ ಡಾಲರ್. ಇದರ ವೈಶಿಷ್ಟ್ಯವೆಂದರೆ ತಂಡಕ್ಕೆ ಬಯಲಿನಲ್ಲಿ ಸ್ಥಿರವಾದ ನೆಲೆಯೇ ಇರಲಿಲ್ಲ. ಟೆಕ್ಸಾಸ್‌ನಿಂದ ಉತ್ತರದ ಡಕೋಟಾ ರಾಜ್ಯಗಳವರೆಗೆ ಹಬ್ಬಿರುವ ‘ಗ್ರೇಟ್ ಪ್ಲೇನ್ಸ್’ ಎಂಬ ಮಹಾಬಯಲಿನಲ್ಲಿ ಬಿರುಗಾಳಿ ಎಲ್ಲಿಯೋ ಬಿಡಾರ ಅಲ್ಲಿ. ಇಂದು ಒಂದು ರಾಜ್ಯದ ವಸತಿಗೃಹದಲ್ಲಿ ಮಲಗಿದವರು ನಾಳೆ ಇನ್ನೊಂದು ರಾಜ್ಯದಲ್ಲಿ ಏಳುತ್ತಿದ್ದರು.

ಮುಂಜಾನೆಯ ನಿರ್ಧಾರ

ಇಂತಹ ಅಧ್ಯಯನದ ಸೋಲು ಗೆಲುವು ತೀರ್ಮಾನವಾಗುವುದು ಬಿರುಗಾಳಿಯ ಎದುರಲ್ಲ, ಬೆಳಗಿನ ಮುನ್ಸೂಚನಾ ಸಭೆಯಲ್ಲಿ. ಸಂಜೆ ಬಿರುಗಾಳಿ ಎಲ್ಲಿ ಏಳಬಹುದು ಎಂಬುದನ್ನು ಆಕಾಶ ತಿಳಿಯಾಗಿರುವಾಗಲೇ ಊಹಿಸಬೇಕು. ನಲವತ್ತು ವಾಹನಗಳ ಸಾಲು ನೂರಾರು ಕಿಲೋಮೀಟರ್ ಕ್ರಮಿಸಬೇಕಾದುದರಿಂದ ಮಧ್ಯಾಹ್ನದವರೆಗೆ ಕಾಯುವಂತಿಲ್ಲ. ತಪ್ಪು ದಿಕ್ಕಿಗೆ ಹೊರಟರೆ ಆ ದಿನ ವ್ಯರ್ಥ. ದೂರ ಹೆಚ್ಚಾದರೆ ಮರುದಿನದ ಅವಕಾಶವೂ ಕೈತಪ್ಪುತ್ತದೆ.

ಮುನ್ಸೂಚಕರು ಮುಖ್ಯವಾಗಿ ನಾಲ್ಕು ಅಂಶಗಳನ್ನು ಹುಡುಕುತ್ತಾರೆ.

ಒಂದು, ತೇವಾಂಶ. ಮೆಕ್ಸಿಕೋ ಕೊಲ್ಲಿಯಿಂದ ಬೀಸುವ ದಕ್ಷಿಣದ ಗಾಳಿ ಹಸಿಯಾದ ಬೆಚ್ಚನೆಯ ವಾಯುವನ್ನು ಬಯಲಿಗೆ ತರುತ್ತದೆ. ಪಶ್ಚಿಮದ ಎತ್ತರದ ಪ್ರದೇಶದ ಒಣಗಾಳಿ ಇದನ್ನು ಸಂಧಿಸುವ ಗಡಿಗೆ ‘ಡ್ರೈಲೈನ್’ ಎಂದು ಹೆಸರು. ಬಿರುಗಾಳಿಗಳು ಹಲವು ಬಾರಿ ಇದರ ಉದ್ದಕ್ಕೂ ಮೊಳೆಯುತ್ತವೆ.

ಎರಡು, ಅಸ್ಥಿರತೆ. ಕೆಳಗಿನ ಬೆಚ್ಚಗಿನ ಗಾಳಿ ಮೇಲೇರಿದರೆ ಅದಕ್ಕೆ ಎಷ್ಟು ಶಕ್ತಿ ದೊರೆಯಬಹುದು ಎಂಬುದನ್ನು ‘ಕೇಪ್’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೋಗ್ರಾಂ ಗಾಳಿಗೆ 2,500 ಜೂಲ್‌ನಷ್ಟು ಶಕ್ತಿ ಲಭ್ಯವಿದ್ದರೆ, ಲೆಕ್ಕಾಚಾರದ ಪ್ರಕಾರ ಅದು ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಮೇಲೇರಬಲ್ಲದು. ಅಂದರೆ ಗಂಟೆಗೆ 250 ಕಿ.ಮೀ. ಮಳೆಹನಿಗಳ ಭಾರ ಹಾಗೂ ಸುತ್ತಲಿನ ಒಣಗಾಳಿಯ ಬೆರಕೆಯಿಂದ ನೈಜ ವೇಗ ಇದಕ್ಕಿಂತ ಬಹಳ ಕಡಿಮೆ. ಆದರೂ ಕ್ರಿಕೆಟ್ ಚೆಂಡಿನ ಗಾತ್ರದ ಆಲಿಕಲ್ಲನ್ನು ಆಕಾಶದಲ್ಲಿಯೇ ಹಿಡಿದಿಡಲು ಸಾಕಾಗುವಷ್ಟು.

ಮೂರು, ಗಾಳಿಯ ವ್ಯತ್ಯಾಸ. ನೆಲದ ಬಳಿ ಒಂದು ದಿಕ್ಕು, ಮೇಲೆ ಇನ್ನೊಂದು ದಿಕ್ಕು, ಎತ್ತರಕ್ಕೆ ಹೋದಂತೆ ಹೆಚ್ಚುವ ವೇಗ. ಇದಕ್ಕೆ ‘ವಿಂಡ್ ಶಿಯರ್’ ಎನ್ನುತ್ತಾರೆ. ನೆಲದಿಂದ ಆರು ಕಿಲೋಮೀಟರ್ ಎತ್ತರದವರೆಗೆ ಈ ವ್ಯತ್ಯಾಸವು ಸೆಕೆಂಡಿಗೆ 20 ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೂಪರ್‌ಸೆಲ್‌ಗೆ ಅನುಕೂಲ. ಎರಡು ಅಂಗೈಗಳ ನಡುವೆ ಪೆನ್ಸಿಲ್ ಇಟ್ಟು ಉಜ್ಜಿದರೆ ಅದು ಉರುಳುವಂತೆ, ಈ ವ್ಯತ್ಯಾಸದಿಂದ ಗಾಳಿಯಲ್ಲಿ ಅಡ್ಡಲಾದ ಸುರುಳಿ ಉಂಟಾಗುತ್ತದೆ. ಮೇಲೇರುವ ಗಾಳಿ ಈ ಸುರುಳಿಯನ್ನು ನೆಟ್ಟಗೆ ನಿಲ್ಲಿಸಿದಾಗ ಬಿರುಗಾಳಿಯೇ ಸುತ್ತತೊಡಗುತ್ತದೆ.

ನಾಲ್ಕು, ಪ್ರಚೋದನೆ ಮತ್ತು ಪ್ರತಿಬಂಧ. ಬಯಲಿನ ಹಸಿ ಗಾಳಿಯ ಮೇಲೆ, ಎತ್ತರದ ಒಣ ಪ್ರಸ್ಥಭೂಮಿಗಳಿಂದ ಬಂದ ಬಿಸಿ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತಿರುತ್ತದೆ. ಮುಚ್ಚಳ ತೀರಾ ಬಿಗಿಯಾದರೆ ದಿನವಿಡೀ ಒಂದು ಮೋಡವೂ ಏಳದು. ತೀರಾ ಸಡಿಲವಾದರೆ ಮಧ್ಯಾಹ್ನವೇ ಎಲ್ಲೆಡೆ ಮೋಡಗಳೆದ್ದು ಒಂದರೊಡನೊಂದು ಬೆರೆತು ಕಲಸುಮೇಲೋಗರವಾಗುತ್ತದೆ. ಅಧ್ಯಯನಕ್ಕೆ ಬೇಕಾದುದು ಇವೆರಡರ ನಡುವಿನ ಸ್ಥಿತಿ: ಶಕ್ತಿ ಸಂಜೆಯವರೆಗೆ ಕೂಡಿಡಲ್ಪಟ್ಟು, ಒಂದೆರಡು ಕಡೆ ಮಾತ್ರ ಸಿಡಿದೇಳಬೇಕು.

ಈ ಮಾಹಿತಿಯ ಮುಖ್ಯ ಮೂಲ ಹವಾ ಬಲೂನು. ಜಗತ್ತಿನಾದ್ಯಂತ ಹವಾಮಾನ ಕೇಂದ್ರಗಳು ದಿನಕ್ಕೆ ಎರಡು ಬಾರಿ ಏಕಕಾಲಕ್ಕೆ ಬಲೂನು ಹಾರಿಸುತ್ತವೆ. ಭಾರತೀಯ ಕಾಲಮಾನದಲ್ಲಿ ಅದು ಬೆಳಗಿನ ಮತ್ತು ಸಂಜೆಯ ಐದೂವರೆ. ಅಮೆರಿಕದ ಬಯಲಿನಲ್ಲಿ ಬೇಸಿಗೆಯಲ್ಲಿ ಅದು ಬೆಳಗಿನ ಮತ್ತು ಸಂಜೆಯ ಏಳು ಗಂಟೆ. ಎರಡು ಕೇಂದ್ರಗಳ ನಡುವೆ ನೂರಾರು ಕಿಲೋಮೀಟರ್ ಅಂತರ, ಎರಡು ಬಲೂನುಗಳ ನಡುವೆ ಹನ್ನೆರಡು ಗಂಟೆಗಳ ಅಂತರ. ಬಿರುಗಾಳಿಯ ಭವಿಷ್ಯ ನಿರ್ಧಾರವಾಗುವುದು ಈ ಅಂತರದೊಳಗೆಯೇ. ಗಣಕ ಮಾದರಿಗಳು ಈ ಅಂತರವನ್ನು ಲೆಕ್ಕಾಚಾರದಿಂದ ತುಂಬುತ್ತವೆ. ಆದರೆ ತೇವಾಂಶದಲ್ಲಿ ಸ್ವಲ್ಪ ತಪ್ಪಿದರೂ ಮುಚ್ಚಳ ತೆರೆಯುವ ಜಾಗ ಹತ್ತಾರು ಕಿಲೋಮೀಟರ್ ಆಚೀಚೆಯಾಗುತ್ತದೆ.

ಆದ್ದರಿಂದ ತಂಡವು ಬೆಳಗ್ಗೆ ಒಂದು ‘ಗುರಿ ಪ್ರದೇಶ’ವನ್ನು ಆಯ್ದುಕೊಳ್ಳುತ್ತದೆ. ದಾರಿಯುದ್ದಕ್ಕೂ ಉಪಗ್ರಹ ಚಿತ್ರಗಳನ್ನು ಗಮನಿಸುತ್ತ, ತನ್ನದೇ ಬಲೂನುಗಳನ್ನು ಹಾರಿಸುತ್ತ ಗುರಿಯನ್ನು ತಿದ್ದಿಕೊಳ್ಳುತ್ತದೆ. ಕೆಲವೊಮ್ಮೆ ಎರಡು ಬಿರುಗಾಳಿಗಳು ಒಟ್ಟಿಗೇ ಏಳುತ್ತವೆ. ಆಗ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಕೈಬಿಡಬೇಕು. ಕೈಬಿಟ್ಟದ್ದೇ ಸುಂಟರಗಾಳಿ ಹುಟ್ಟಿಸಿದರೆ ಆ ನಷ್ಟಕ್ಕೆ ಪರಿಹಾರವಿಲ್ಲ.

ಬಿರುಗಾಳಿಯ ಸುತ್ತ ಬಲೆ

ಸ್ಥಿರ ರಾಡಾರ್‌ಗಳು ಇರುವಾಗ ಲಾರಿಯ ಮೇಲೆ ರಾಡಾರ್ ಏಕೆ ಎಂಬ ಪ್ರಶ್ನೆ ಸಹಜ. ಭೂಮಿ ದುಂಡಗಿರುವುದರಿಂದ ಹಾಗೂ ರಾಡಾರ್ ಕಿರಣ ತುಸು ಮೇಲ್ಮುಖವಾಗಿ ಹೊರಡುವುದರಿಂದ, ನೂರು ಕಿಲೋಮೀಟರ್ ದೂರ ತಲುಪುವ ವೇಳೆಗೆ ಅದು ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರುತ್ತದೆ. ಸುಂಟರಗಾಳಿಯ ಮುಖ್ಯ ಚಟುವಟಿಕೆ ನಡೆಯುವುದು ಅದರ ಕೆಳಗೆ. ಅಷ್ಟು ದೂರದಲ್ಲಿ ಕಿರಣದ ಅಗಲವೂ ಒಂದೂವರೆ ಕಿಲೋಮೀಟರ್ ಮೀರಿರುತ್ತದೆ. ಕೆಲವು ನೂರು ಮೀಟರ್ ಅಗಲದ ಸುಂಟರಗಾಳಿ ಅದರಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ.

ಇನ್ನೊಂದು ತೊಡಕೂ ಇದೆ. ಡಾಪ್ಲರ್ ರಾಡಾರ್ ಅಳೆಯುವುದು ಗಾಳಿ ತನ್ನತ್ತ ಬರುತ್ತಿರುವ ಅಥವಾ ತನ್ನಿಂದ ದೂರ ಸರಿಯುತ್ತಿರುವ ವೇಗವನ್ನು ಮಾತ್ರ. ಅಡ್ಡಲಾಗಿ ಬೀಸುವ ಗಾಳಿ ಅದಕ್ಕೆ ಕಾಣದು. ಎರಡು ರಾಡಾರ್‌ಗಳು ಬೇರೆಬೇರೆ ಕೋನಗಳಿಂದ ಒಂದೇ ಬಿರುಗಾಳಿಯನ್ನು ಏಕಕಾಲಕ್ಕೆ ನೋಡಿದರೆ ಗಾಳಿಯ ಪೂರ್ಣ ಚಿತ್ರ ದೊರೆಯುತ್ತದೆ. ಆದರೆ ಬಿರುಗಾಳಿ ಚಲಿಸುತ್ತಿರುತ್ತದೆ. ಅದರ ಮುಂದಿನ ಹಾದಿಯನ್ನು ಊಹಿಸಿ, ಮರಗಿಡಗಳ ಅಡ್ಡಿಯಿಲ್ಲದ ಜಾಗ ಹುಡುಕಿ, ಲಾರಿಯನ್ನು ನಿಲ್ಲಿಸಿ ಸಮತಟ್ಟುಗೊಳಿಸುವಷ್ಟರಲ್ಲಿ ನಿಮಿಷಗಳು ಕಳೆದುಹೋಗುತ್ತವೆ.

ರಾಡಾರ್ ಒಂದೇ ಸಾಲದು. ಗಾಳಿಯ ವೇಗ ತಿಳಿಸುವ ರಾಡಾರ್‌ಗೆ ಉಷ್ಣತೆ, ತೇವಾಂಶಗಳು ತಿಳಿಯವು. ಅದಕ್ಕಾಗಿ ಛಾವಣಿಯ ಮೇಲೆ ಮಾಪಕಗಳನ್ನು ಹೊತ್ತ ಕಾರುಗಳು ಬಿರುಗಾಳಿಯ ವಿವಿಧ ಭಾಗಗಳಲ್ಲಿ ಸಂಚರಿಸುತ್ತವೆ. ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ತಂಡವು ಮುಕ್ಕಾಲಿಗಳ ಮೇಲೆ ನಿಲ್ಲುವ ಇಪ್ಪತ್ತಕ್ಕೂ ಹೆಚ್ಚು ಮಾಪನ ಕೇಂದ್ರಗಳನ್ನು ಬಿರುಗಾಳಿಯ ದಾರಿಗೆ ಅಡ್ಡಲಾಗಿ ಬೇಲಿಯಂತೆ ನೆಟ್ಟು ಹಿಂದೆ ಸರಿಯುತ್ತಿತ್ತು. ಮಳೆಹನಿ ಮತ್ತು ಆಲಿಕಲ್ಲುಗಳ ಗಾತ್ರ ಅಳೆಯುವ ಸಾಧನಗಳು, ಛಾಯಾಚಿತ್ರ ತಂಡಗಳು, ಬಲೂನು ತಂಡಗಳು ಇದ್ದವು. 2010ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಮಾನವರಹಿತ ಪುಟ್ಟ ವಿಮಾನವೂ ಜೊತೆಗೂಡಿತು. ಇವೆಲ್ಲ ಸರಿಯಾದ ಸಮಯಕ್ಕೆ ಸರಿಯಾದ ಜಾಗದಲ್ಲಿ ಇದ್ದರೆ ಮಾತ್ರ ಪೂರ್ಣ ಚಿತ್ರ.

ಗೋಷೆನ್ ಕಲಿಸಿದ ಪಾಠ

2009ರ ವಸಂತವು ಮಹಾಬಯಲಿನಲ್ಲಿ ಅಸಾಮಾನ್ಯವಾಗಿ ಶಾಂತವಾಗಿತ್ತು. ಸುಸಜ್ಜಿತ ತಂಡ ವಾರಗಟ್ಟಲೆ ಅಲೆಯಿತು. ಇಂತಹ ಸನ್ನಿವೇಶದಲ್ಲಿಯೇ ಜೂನ್ 5ರ ಗೋಷೆನ್ ಸುಂಟರಗಾಳಿ ದೊರೆತದ್ದು. ಅದಕ್ಕೆ ನೀಡಲಾದ ದರ್ಜೆ ಇಎಫ್-2. ಇಎಫ್ ಮಾಪಕವು 0ಯಿಂದ 5ರವರೆಗೆ ಇದ್ದು, ಹಾನಿಯ ಪ್ರಮಾಣ ನೋಡಿ ಗಾಳಿಯ ವೇಗವನ್ನು ಅಂದಾಜಿಸುತ್ತದೆ.

ಈ ದತ್ತಾಂಶದ ವಿಶ್ಲೇಷಣೆಗೆ ಹಲವು ವರ್ಷಗಳೇ ಹಿಡಿದವು. ಬಿರುಗಾಳಿಯ ಹಿಂಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದು ಬರುವ ಗಾಳಿಯೊಂದಿದೆ. ಗೋಷೆನ್‌ನಲ್ಲಿ ಸುಂಟರಗಾಳಿ ಹುಟ್ಟುವುದಕ್ಕೆ ಮುನ್ನ ಈ ಇಳಿಗಾಳಿಯ ಹೊಸದೊಂದು ಅಲೆ ನುಗ್ಗಿ ಬಂದು, ನೆಲಮಟ್ಟದ ಸುತ್ತುವಿಕೆಯನ್ನು ಒಂದೆಡೆಗೆ ಒತ್ತಿತೆಂದು ಸಂಶೋಧಕರು ಗುರುತಿಸಿದರು. ಈ ಇಳಿಗಾಳಿ ತೀರಾ ತಣ್ಣಗಿದ್ದರೆ ಸುಂಟರಗಾಳಿ ಹುಟ್ಟುವ ಸಂಭವ ಕಡಿಮೆ ಎಂಬುದನ್ನು ಮೊದಲ ವೋರ್ಟೆಕ್ಸ್ ಹಾಗೂ ಆ ಕಾಲದ ಕಾರು ಮಾಪನಗಳು 2002ರ ವೇಳೆಗೆ ತೋರಿಸಿಕೊಟ್ಟಿದ್ದವು. ತಣ್ಣನೆಯ ಗಾಳಿ ಭಾರವಾದುದು. ಅದನ್ನು ಮೇಲೆತ್ತಿ ಎಳೆಯುವುದು ಕಷ್ಟ. ನೃತ್ಯಗಾತಿ ತಿರುಗುತ್ತ ಕೈಗಳನ್ನು ಮೈಗೆ ಸೆಳೆದುಕೊಂಡಾಗ ತಿರುಗುವ ವೇಗ ಹೆಚ್ಚುವಂತೆ, ಗಾಳಿಯ ಕಂಬವನ್ನು ಮೇಲಕ್ಕೆ ಎಳೆದು ಸಣ್ಣದಾಗಿಸಿದಾಗಲೇ ಸುತ್ತುವಿಕೆ ಸುಂಟರಗಾಳಿಯ ವೇಗ ಪಡೆಯುವುದು.

ಇನ್ನೂ ಮಹತ್ವದ ಫಲಿತಾಂಶ ಬಂದದ್ದು ಸದ್ದಿಲ್ಲದ ಬಲೂನು ತಂಡಗಳಿಂದ. ವೋರ್ಟೆಕ್ಸ್-2 ವೇಳೆ ಬಿರುಗಾಳಿಗಳ ಸಮೀಪದಲ್ಲಿಯೇ ಹಾರಿಸಿದ ಬಲೂನುಗಳ ದತ್ತಾಂಶವನ್ನು ಕ್ರೋಡೀಕರಿಸಿ, ಸುಂಟರಗಾಳಿ ಹುಟ್ಟಿಸಿದ ಹಾಗೂ ಹುಟ್ಟಿಸದ ಸೂಪರ್‌ಸೆಲ್‌ಗಳ ಪರಿಸರವನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಎರಡರ ಪರಿಸರವೂ ಬಹುತೇಕ ಒಂದೇ ರೀತಿ ಇತ್ತು. ಗಮನಾರ್ಹ ವ್ಯತ್ಯಾಸ ಕಂಡದ್ದು ನೆಲದಿಂದ ಸುಮಾರು 500 ಮೀಟರ್‌ವರೆಗಿನ ಪದರದಲ್ಲಿ ಗಾಳಿ ಹೇಗೆ ಬದಲಾಗುತ್ತದೆ ಎಂಬುದರಲ್ಲಿ. ಮುಂದಿನ ಗಣಕ ಪ್ರಯೋಗಗಳು ಇದನ್ನು ಸಮರ್ಥಿಸಿದವು. ಮುನ್ಸೂಚಕರು ಅಲ್ಲಿಯವರೆಗೆ ಒಂದು ಕಿಲೋಮೀಟರ್ ಇಲ್ಲವೇ ಮೂರು ಕಿಲೋಮೀಟರ್ ಪದರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಈಗ ಅರ್ಧ ಕಿಲೋಮೀಟರ್ ಪದರವನ್ನೂ ಗಮನಿಸುತ್ತಾರೆ. ಮುನ್ಸೂಚನೆ ವೀಕ್ಷಕರನ್ನು ಬಯಲಿಗೆ ಕಳುಹಿಸಿತು. ವೀಕ್ಷಣೆ ಮುನ್ಸೂಚನೆಯನ್ನು ತಿದ್ದಿತು.

ತಪ್ಪು ಎಚ್ಚರಿಕೆಯ ಬೆಲೆ

ಇದು ಕೇವಲ ವಿಜ್ಞಾನಿಗಳ ಕುತೂಹಲದ ಪ್ರಶ್ನೆಯಲ್ಲ. ವೋರ್ಟೆಕ್ಸ್-2 ನಡೆದ ಕಾಲದಲ್ಲಿ ಅಮೆರಿಕದಲ್ಲಿ ಸುಂಟರಗಾಳಿ ಎಚ್ಚರಿಕೆಗೂ ಅದು ಅಪ್ಪಳಿಸುವುದಕ್ಕೂ ನಡುವೆ ಸರಾಸರಿ ಸುಮಾರು 13 ನಿಮಿಷಗಳ ಅವಕಾಶವಿತ್ತು. ಆದರೆ ಪ್ರತಿ ನಾಲ್ಕು ಎಚ್ಚರಿಕೆಗಳಲ್ಲಿ ಸುಮಾರು ಮೂರು ಹುಸಿಯಾಗುತ್ತಿದ್ದವು. ರಾಡಾರ್‌ನಲ್ಲಿ ಸುತ್ತುವಿಕೆ ಕಂಡಾಗ ಎಚ್ಚರಿಕೆ ನೀಡದೆ ಇರುವಂತಿಲ್ಲ, ನೀಡಿದರೆ ಬಹುಪಾಲು ಏನೂ ಆಗುವುದಿಲ್ಲ.

2011ರ ಮೇ 22ರಂದು ಮಿಸೌರಿ ರಾಜ್ಯದ ಜಾಪ್ಲಿನ್ ನಗರದಲ್ಲಿ ಇದರ ಪರಿಣಾಮ ಕಂಡಿತು. ಅಂದು ಎಚ್ಚರಿಕೆ ಮೊದಲೇ ಹೊರಬಿದ್ದಿತ್ತು, ಸೈರನ್‌ಗಳೂ ಮೊಳಗಿದ್ದವು. ಆದರೆ ಅನೇಕರು ಮೊದಲ ಸೈರನ್ ಕೇಳಿದೊಡನೆ ಆಶ್ರಯಕ್ಕೆ ಧಾವಿಸಲಿಲ್ಲ, ಅಪಾಯ ನಿಜವೇ ಎಂದು ಖಚಿತಪಡಿಸಿಕೊಳ್ಳಲು ಕಾದರು ಎಂದು ನಂತರದ ಸರಕಾರಿ ಪರಿಶೀಲನಾ ವರದಿ ತಿಳಿಸಿತು. ಹಿಂದಿನ ಹುಸಿ ಎಚ್ಚರಿಕೆಗಳೂ ಇದಕ್ಕೆ ಒಂದು ಕಾರಣವೆಂದು ಅದು ಗುರುತಿಸಿತು. ಸುಂಟರಗಾಳಿಗೆ ನೇರವಾಗಿ ಬಲಿಯಾದವರ ಸಂಖ್ಯೆ 158. ಯಾವ ಬಿರುಗಾಳಿ ಸುಂಟರಗಾಳಿ ಹುಟ್ಟಿಸದು ಎಂದು ಹೇಳಬಲ್ಲ ಸಾಮರ್ಥ್ಯವೂ ಜೀವ ಉಳಿಸುವ ಸಾಮರ್ಥ್ಯವೇ ಎಂಬುದು ಇದರಿಂದ ಸ್ಪಷ್ಟ.

ಬೆನ್ನಟ್ಟಿದವರ ಬಲಿ

ಬಯಲಿನ ಈ ಕೆಲಸ ಅಪಾಯದಿಂದ ಮುಕ್ತವಲ್ಲ. ಒದ್ದೆಯಾದ ಮಣ್ಣಿನ ರಸ್ತೆ, ಗಾಜು ಒಡೆಯುವ ಆಲಿಕಲ್ಲು, ಸಿಡಿಲು, ಕತ್ತಲು, ಹವ್ಯಾಸಕ್ಕಾಗಿ ಬಿರುಗಾಳಿ ಬೆನ್ನಟ್ಟುವವರ ವಾಹನ ದಟ್ಟಣೆ ಎಲ್ಲವೂ ಸೇರಿಕೊಳ್ಳುತ್ತವೆ. ದೊಡ್ಡ ಅಧ್ಯಯನಗಳಲ್ಲಿ ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲು ಗುರುತಿಸಿ ನಂತರವೇ ವಾಹನ ನಿಲ್ಲಿಸಲಾಗುತ್ತದೆ.

2013ರ ಮೇ 31ರಂದು ಒಕ್ಲಹೋಮಾದ ಎಲ್ ರೆನೊ ಬಳಿ ಎದ್ದ ಸುಂಟರಗಾಳಿ 4.2 ಕಿಲೋಮೀಟರ್ ಅಗಲಕ್ಕೆ ಬೆಳೆಯಿತು. ದಾಖಲಾದ ಸುಂಟರಗಾಳಿಗಳಲ್ಲಿ ಇದೇ ಅತ್ಯಂತ ಅಗಲವಾದುದು. ಅದು ಕ್ಷಿಪ್ರವಾಗಿ ಹಿಗ್ಗಿ, ದಿಕ್ಕು ಬದಲಿಸಿ ಈಶಾನ್ಯಕ್ಕೆ ತಿರುಗಿತು. ಮ್ಯಾಂಚೆಸ್ಟರ್‌ನಲ್ಲಿ ದಾಖಲೆ ನಿರ್ಮಿಸಿದ್ದ ಟಿಮ್ ಸಮಾರಸ್, ಅವರ ಪುತ್ರ ಪಾಲ್ ಹಾಗೂ ಸಹೋದ್ಯೋಗಿ ಕಾರ್ಲ್ ಯಂಗ್ ಅದಕ್ಕೆ ಸಿಲುಕಿ ಮೃತಪಟ್ಟರು. ಎಚ್ಚರಿಕೆಯ ನಡೆಗೆ ಹೆಸರಾಗಿದ್ದ ಅನುಭವಿಗಳೇ ಹೀಗೆ ಬಲಿಯಾದದ್ದು ಇಡೀ ಕ್ಷೇತ್ರವನ್ನು ತಲ್ಲಣಗೊಳಿಸಿತು. ಅಂದು ಸಂಚಾರಿ ರಾಡಾರ್ ಅಳೆದ ಗಾಳಿಯ ವೇಗ ಅತ್ಯುನ್ನತ ದರ್ಜೆಯದಾಗಿತ್ತು. ಆದರೆ ತೆರೆದ ಹೊಲಗಳಲ್ಲಿ ಹಾನಿಯಾಗಲು ಕಟ್ಟಡಗಳೇ ಇರಲಿಲ್ಲವಾದ್ದರಿಂದ ಅಧಿಕೃತ ದರ್ಜೆ ಇಎಫ್-3ರಲ್ಲಿಯೇ ನಿಂತಿತು.

ಮುಂದುವರಿದ ಅನ್ವೇಷಣೆ

ಬಳಿಕವೂ ಇಂತಹ ಅಧ್ಯಯನಗಳು ನಿಂತಿಲ್ಲ. 2015ರಲ್ಲಿ ರಾತ್ರಿಯ ಗುಡುಗುಮಳೆಗಳನ್ನು ಅರಿಯಲು ‘ಪೆಕನ್’, 2018ರಲ್ಲಿ ಅರ್ಜೆಂಟೀನಾದ ಕಾರ್ಡೋಬಾ ಪ್ರಾಂತ್ಯದಲ್ಲಿ ‘ರೆಲಾಂಪಾಗೊ’, 2022 ಮತ್ತು 2023ರಲ್ಲಿ ಅಮೆರಿಕದ ಆಗ್ನೇಯ ಭಾಗದಲ್ಲಿ ‘ಪೆರಿಲ್ಸ್’, 2025ರಲ್ಲಿ ಆಲಿಕಲ್ಲಿಗೆಂದೇ ‘ಐಸ್‌ಚಿಪ್’ ನಡೆದವು. ಆಗ್ನೇಯದ ಕಾಡು ಗುಡ್ಡಗಳ ನಡುವೆ ವಾಹನಗಳಿಂದ ಬಿರುಗಾಳಿಯನ್ನು ಬೆನ್ನಟ್ಟುವುದು ದುಸ್ತರವಾದ್ದರಿಂದ ಅಲ್ಲಿ ಉಪಕರಣಗಳನ್ನು ಮೊದಲೇ ಹರಡಿ ಕಾಯುವ ಕ್ರಮ ಅನುಸರಿಸಲಾಯಿತು.

ಭಾರತಕ್ಕೂ ಈ ವಿಷಯ ಹೊರಗಿನದಲ್ಲ. ಬಂಗಾಳದ ‘ಕಾಲಬೈಸಾಖಿ’ ಬಿರುಗಾಳಿಗಳನ್ನು ಅಧ್ಯಯನ ಮಾಡಲು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2005ರಲ್ಲಿ ‘ಸ್ಟಾರ್ಮ್’ ಕಾರ್ಯಕ್ರಮ ಆರಂಭಿಸಿತು. 2006 ಮತ್ತು 2007ರ ಮುಂಗಾರು ಪೂರ್ವ ತಿಂಗಳುಗಳಲ್ಲಿ ಪ್ರಾಯೋಗಿಕ ವೀಕ್ಷಣೆಗಳು ನಡೆದು, ಮುಂದೆ ನೆರೆಯ ಸಾರ್ಕ್ ದೇಶಗಳಿಗೂ ಅದು ವಿಸ್ತರಿಸಿತು. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದಲ್ಲಿ ಸುಮಾರು 1,300 ಮಂದಿಯನ್ನು ಬಲಿ ಪಡೆದ ಸುಂಟರಗಾಳಿ ಜಗತ್ತಿನಲ್ಲಿಯೇ ಅತ್ಯಂತ ಮಾರಕವಾದುದು ಎಂಬುದನ್ನು ನೆನೆದರೆ ಇದರ ಅಗತ್ಯ ಮನವರಿಕೆಯಾಗುತ್ತದೆ.

ಕರ್ನಾಟಕದಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗುಮಳೆ ಸೂಪರ್‌ಸೆಲ್ ರೂಪ ತಾಳುವುದು ವಿರಳ. ನಮ್ಮಲ್ಲಿ ಮುಖ್ಯ ಅಪಾಯ ಸಿಡಿಲು. ದೇಶದಲ್ಲಿ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಮಂದಿ ಅದಕ್ಕೆ ಬಲಿಯಾಗುತ್ತಾರೆ. ಆದರೆ ಮುನ್ಸೂಚಕರ ಎದುರಿನ ಪ್ರಶ್ನೆ ಮಾತ್ರ ಮಹಾಬಯಲಿನದ್ದೇ. ವಾತಾವರಣದಲ್ಲಿ ಶಕ್ತಿ ಇದೆ ಎಂದು ಬೆಳಗ್ಗೆಯೇ ಹೇಳಬಹುದು. ಅದು ಯಾವ ಹೋಬಳಿಯ ಮೇಲೆ, ಯಾವ ಗಳಿಗೆಯಲ್ಲಿ ಸ್ಫೋಟಿಸುತ್ತದೆ ಎಂದು ಹೇಳುವುದು ಕಷ್ಟ. ‘ಗುಡುಗುಸಹಿತ ಮಳೆಯಾಗುವ ಸಂಭವವಿದೆ’ ಎಂಬ ವಾಕ್ಯ ನಾಲ್ಕು ದಿನ ಹುಸಿಯಾದಾಗ ಐದನೇ ದಿನ ಅದನ್ನು ಕಡೆಗಣಿಸುವುದು ನಮಗೂ ಹೊಸದಲ್ಲ.

ಗೋಷೆನ್ ಬಯಲಿನ ಆ ಅರ್ಧ ಗಂಟೆಯ ಮಹತ್ವ ಇರುವುದು ಇಲ್ಲಿ. ಎಚ್ಚರಿಕೆ ನಿಜವಾದಷ್ಟೂ ಜನ ಅದನ್ನು ನಂಬುತ್ತಾರೆ, ನಂಬಿದಷ್ಟೂ ಜೀವಗಳು ಉಳಿಯುತ್ತವೆ. ಆ ನಂಬಿಕೆಯನ್ನು ಗಳಿಸಲು ಯಾರಾದರೂ ಬಯಲಿಗೆ ಹೋಗಿ, ಬಿರುಗಾಳಿಯ ಮಗ್ಗುಲಲ್ಲಿ ನಿಂತು, ಅಳೆದು ಬರಲೇಬೇಕಾಗುತ್ತದೆ.